ಮುಳ್ಳಗುಡ್ಡದಲ್ಲಿ ಮೆಣಸಿನಕಾಯಿ

ಮೊಪೆಡ್ಡು ಕಾಗಿನೆಲೆ ರಸ್ತೆ ಬಿಟ್ಟು ಮುಳ್ಳಗುಡ್ಡದ ಕಚ್ಚಾ ದಾರಿಗೆ ಇಳಿದಾಗಲೇ ಇಸಾಕಸಾಬನಿಗೆ ಗುಡ್ಡದ ಹೊಟ್ಟೆ ಕೆಂಪಗೆ ಕಂಡಿತು. ಮೊದಲು ತನ್ನ ಕಣ್ಣಿನದೇ ತಪ್ಪು ಅಂದುಕೊಂಡ. ಹೋದ ತಿಂಗಳಷ್ಟೇ ಹಾವೇರಿಯಲ್ಲಿ ಎಡಗಣ್ಣಿನ ಪೊರೆ ತೆಗೆಸಿಕೊಂಡು ಬಂದಿದ್ದ. ಅಲ್ಲಿಂದೀಚೆಗೆ ಬಣ್ಣಗಳೆಲ್ಲ ಸ್ವಲ್ಪ ಜಾಸ್ತಿಯೇ ಕಾಣುತ್ತಿದ್ದವು. ಇನ್ನೂ ಹತ್ತಿರ ಹೋದ. ಕೆಂಪು ಹಾಗೇ ಇತ್ತು, ಜೊತೆಗೆ ಘಾಟು ಬೇರೆ ಬಂತು. ಒಂದು ಸೀನು, ಎರಡು ಸೀನು. ಮೂರನೆಯ ಸೀನಿಗೆ ಖಾತ್ರಿಯಾಯಿತು. ಮೆಣಸಿನಕಾಯಿ.

ಅವನು ವರ್ಷವಿಡೀ ಬೆನ್ನು ಮುರಿದುಕೊಂಡು ಕಟ್ಟಿದ ಇಳಿಜಾರಿನ ಮೇಲೆ, ಮೆಟ್ಟಿಲು ಮೆಟ್ಟಿಲಾಗಿ ಹಾಸಿದ ಕೆರೆಹೂಳಿನ ಮೇಲೆ, ಹೆಂಡತಿ ಜೊತೆ ಕೂತು ಒಂದೊಂದೇ ತೆನೆ ಉಜ್ಜಿ ತೆಗೆದು ಚೆಲ್ಲಿದ ಹುಲ್ಲಿನ ಬೀಜದ ಮೇಲೆ, ಊರಿನ ಹೆಂಗಸರು ಮೆಣಸಿನಕಾಯಿ ಒಣಹಾಕಿದ್ದರು. ಹಾಕಿದ್ದಷ್ಟೇ ಅಲ್ಲ, ಹಾಕುವ ಮುಂಚೆ ಸಗಣಿ ಸಾರಿಸಿದ್ದರು.

ಇಸಾಕಸಾಬ ಗಾಡಿಗೆ ಸ್ಟ್ಯಾಂಡು ಹಾಕುವುದನ್ನೂ ಮರೆತು ಇಳಿದ. ಗಾಡಿ ಬಿತ್ತು. ಬೀಳಲಿ ಅಂದ.

ಅವನ ಸಿಟ್ಟು ತಿಳಿಯಬೇಕಾದರೆ ಗುಡ್ಡದ ಹಕೀಕತ್ತು ತಿಳಿಯಬೇಕು. ಇಸಾಕಸಾಬ ಬ್ಯಾಡಗಿಯವನು. ಮೂವತ್ತು ವರ್ಷ ಇದೇ ಗುಡ್ಡದ ಕ್ವಾರಿಯಲ್ಲಿ ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಸೀಟಿ ಊದಿ ಹಾರಿಸಿದವನು. ಅವನ ಸೀಟಿ ಕೇಳಿದರೆ ಸುತ್ತಲಿನ ಹೊಲದಲ್ಲಿದ್ದವರು ಎತ್ತಿನ ಹಗ್ಗ ಬಿಗಿಹಿಡಿದು ಕುಕ್ಕರುಗಾಲಲ್ಲಿ ಕೂರುತ್ತಿದ್ದರು. ಅರ್ಧ ಗುಡ್ಡ ಜಲ್ಲಿ ಖಡಿಯಾಗಿ ರಸ್ತೆ ಸೇರಿತು. ರಾಣೇಬೆನ್ನೂರಿಗೆ ಹೋಗುವಾಗ ಬಸ್ಸು ಒಂದೇ ಹದದಲ್ಲಿ ಓಡಿದರೆ ಪಕ್ಕದವರಿಗೆ "ಇದು ನಮ್ಮ ಗುಡ್ಡದ ಖಡಿ" ಎಂದು ಹೇಳಿಕೊಳ್ಳುತ್ತಿದ್ದ. ಗುಡ್ಡದ ಬುಡದಿಂದ ಹೊರಟು ಯುಗಾದಿ ತನಕ ಹರಿಯುತ್ತಿದ್ದ ಮುಳ್ಳಹಳ್ಳ ಕಲ್ಲುಪುಡಿ ತುಂಬಿಕೊಂಡು ಸತ್ತಿತು. ಅದನ್ನು ಮಾತ್ರ ಯಾರಿಗೂ ಹೇಳಿಕೊಳ್ಳಲಿಲ್ಲ. ನಾಲ್ಕು ವರ್ಷದ ಹಿಂದೆ ಆದೇಶ ಬಂದು ಕ್ವಾರಿ ನಿಂತಿತು. ಮಾಲೀಕ ಖಡಿ ಮಷೀನು ಬಿಚ್ಚಿಕೊಂಡು ಹೋದ, ಗುಂಡಿಯನ್ನು ಊರಿಗೆ ಬಿಟ್ಟು ಹೋದ.

ಆಮೇಲೆ ಹಾವೇರಿಯಿಂದ ರೋಹಿಣಿ ಮೇಡಂ ಬಂದಳು. ಗಣಿಗಾರಿಕೆಯಿಂದ ಹಾಳಾದ ಗುಡ್ಡ, ಹಳ್ಳಗಳನ್ನು ಮತ್ತೆ ಬದುಕಿಸುವ ಯೋಜನೆಯ ಚಿಕ್ಕ ಅಧಿಕಾರಿ. "ಈ ಗುಡ್ಡ ನಿಮ್ಮಷ್ಟು ಯಾರಿಗೆ ಗೊತ್ತೈತಿ ಸಾಬ್ರ? ನೀವು ಬರ್ರಿ" ಅಂದಳು. ಒಡೆದವನನ್ನೇ ಕರೆದು ಕಟ್ಟು ಅನ್ನುವುದು ಇಸಾಕಸಾಬನಿಗೆ ತಮಾಷೆ ಅನಿಸಿತು, ಆದರೂ ಬಂದ. ಬರದೆ ಇರಲು ಆಗಲಿಲ್ಲ. ಮನೆಯಲ್ಲಿ ಕೂತರೆ ಆ ಒಣಗಿದ ಹಳ್ಳವೇ ಕಣ್ಣಿಗೆ ಕಟ್ಟುತ್ತಿತ್ತು.

ಮೊದಲ ವರ್ಷ ಮೇಲಿನವರು ಸಾವಿರ ಸಸಿ ಕಳಿಸಿದರು. ಬರಿಬಂಡೆಯ ಮೇಲೆ ಸಸಿ ನೆಟ್ಟು ಫೋಟೋ ಹೊಡೆಸಿಕೊಂಡು ಹೋದರು. ದಸರೆಯ ಹೊತ್ತಿಗೆ ಸಸಿಗೆ ಆಸರೆ ಕೊಟ್ಟಿದ್ದ ಕೋಲುಗಳಷ್ಟೇ ಉಳಿದವು. ಎರಡನೆಯ ವರ್ಷ ಹಳ್ಳ ಸ್ವಚ್ಛ ಮಾಡಲು ಜೆಸಿಬಿ ಬಂತು. ಡ್ರೈವರು ಶಿಸ್ತಿನ ಮನುಷ್ಯ. ಅಂಕುಡೊಂಕು ಹಳ್ಳವನ್ನು ಗಟಾರದ ಹಾಗೆ ನೆಟ್ಟಗೆ ಮಾಡಿಕೊಟ್ಟು ಹೋದ. ಮಳೆ ಬಂದಾಗ ನೀರು ಎಲ್ಲಿಯೂ ನಿಲ್ಲದೆ ಓಡಿತು, ಹೋಗುವಾಗ ದಂಡೆಯನ್ನೂ ಕಿತ್ತುಕೊಂಡು ಹೋಯಿತು. ಮೂರನೆಯ ವರ್ಷ ಇಸಾಕಸಾಬ ಯಾರ ಮಾತನ್ನೂ ಕೇಳಲಿಲ್ಲ. ಹಳ್ಳಕ್ಕೆ ಅಡ್ಡಲಾಗಿ ಮೊಣಕಾಲೆತ್ತರದ ಕಲ್ಲೊಡ್ಡು ಹನ್ನೊಂದು ಕಟ್ಟಿದ. ಇಳಿಜಾರಿಗೆ ಕೆರೆಯ ಹೂಳು ತಂದು ಹಾಸಿದ. ಅವನೂ ಹೆಂಡತಿ ಸೈದಾಬಿಯೂ ಒಡೆಯದೆ ಉಳಿದ ಮಗ್ಗುಲಿನಲ್ಲಿ ತಿರುಗಿ ಗುಡ್ಡದ ಕರಡ ಹುಲ್ಲಿನ ಬೀಜ ಆರಿಸಿದರು. ನವೆಂಬರಿನಲ್ಲಿ ಚೆಲ್ಲಿದರು. ಬೀಜ ಬೇಸಿಗೆಯ ಬಿಸಿಲು ಕುಡಿದು, ಮೊದಲ ಮಳೆಗೆ ಏಳಬೇಕಿತ್ತು. ಅಲ್ಲಿಯವರೆಗೆ ಅದರ ಮೇಲೆ ಯಾರೂ ಕಾಲಿಡಬಾರದು, ಅಷ್ಟೇ. ಬೇಲಿ ಕೇಳಿದ್ದ. ಬೇಲಿ ಬರಲಿಲ್ಲ, ಬೋರ್ಡು ಬಂತು.

ಆ ಬೋರ್ಡಿನ ನೆರಳಿನಲ್ಲೇ ಈಗ ಮಂಗಳವ್ವ ಕೂತಿದ್ದಳು. ಗುಡ್ಡದ ಕೆಳಗಿನ ಊರಿನವಳು, ಅರವತ್ತು ದಾಟಿದವಳು, ಎರಡು ಎಕರೆ ಮೆಣಸಿನಕಾಯಿ ಬೆಳೆಯುವವಳು, ಪಂಚಾಯ್ತಿ ಮೆಂಬರು ಬೇರೆ. ಇಬ್ಬರು ಸೊಸೆಯಂದಿರು ಕಾಯಿ ಹರವುತ್ತಿದ್ದರು.

"ಏನಿದು ಮಂಗಳವ್ವಾ? ಏನ್ ಮಾಡಾಕತ್ತೀರಿ ಇಲ್ಲೆ?"

"ಬರ್ರಿ ಸಾಬ್ರ, ಕುಂದ್ರಿ. ಚಾ ಐತಿ ನೋಡ್ರಿ ಬಿಸೀದು."

"ಚಾ ಸುಡ್ಲಿ! ಇದೇನು ಕಣಾನ?"

"ಮತ್ತ ಏನ್ರಿ?" ಮಂಗಳವ್ವನಿಗೆ ಖರೇವಾಗಿಯೂ ಆಶ್ಚರ್ಯವಾಯಿತು. "ಇಷ್ಟ ನುಣ್ಣಗ ಮಾಡಿ, ಮೆಟ್ಟಲಾ ಮೆಟ್ಟಲಾ ಮಾಡಿ, ಬಿಸಲು ಎದುರು ಬೀಳೂ ಹಂಗ ಇಟ್ಟೀರಿ. ನಮ್ಮ ಹೆಂಗಸರಿಗೆ ಹೇಳಿದ್ನಿ, ಸಾಬ್ರು ನಮ್ಮ ಸಲುವಾಗಿ ಎಷ್ಟ ಕಷ್ಟ ಪಟ್ಟಾರ ನೋಡ್ರಿ ಅಂತ."

ಇಸಾಕಸಾಬ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಬಂದದ್ದು ಸೀನು.

"ಬೀಜಾ ಹಾಕೇನಿ ಇದರ ಮ್ಯಾಲ! ಹುಲ್ಲಿನ ಬೀಜಾ!"

ಮಂಗಳವ್ವ ಬಗ್ಗಿ ಸಾರಿಸಿದ ನೆಲವನ್ನು ನೋಡಿದಳು. ಸೊಸೆಯಂದಿರೂ ನೋಡಿದರು. "ಬೀಜಾ ಎಲ್ಲೂ ಕಾಣವಲ್ದಲ್ರಿ" ಅಂದಳು ಹಿರಿ ಸೊಸೆ.

"ಸಗಣಿ ಬಡದರ ಎಲ್ಲಿ ಕಾಣ್ತಾವ? ತೆಗೀರಿ. ಎಲ್ಲಾ ತೆಗೀರಿ, ಈಗಿಂದೀಗ."

"ನಾಕು ದಿನ ತಡೀರಲಾ. ಹಸೀ ಕಾಯಿ ಎತ್ತಿದರ ಕಪ್ಪಾಗತಾವ."

ಇಸಾಕಸಾಬ ಪಕ್ಕಕ್ಕೆ ಹೋಗಿ ರೋಹಿಣಿಗೆ ಫೋನು ಹಚ್ಚಿದ. ಅವಳು ಯಾವುದೋ ಮೀಟಿಂಗಿನಲ್ಲಿದ್ದಳು, ಪಿಸುಮಾತಿನಲ್ಲಿ ಮಾತಾಡಿದಳು. "ಸಾಬ್ರ, ಹ್ಯಾಂಗರ ಮಾಡಿ ತೆಗಸ್ರಿ. ಫೆಬ್ರುವರಿ ಇಪ್ಪತ್ತೆಂಟಕ್ಕ ಕಮಿಟಿಯವರು ಬರ್ತಾರ. ಹಸಿರು, ಇಲ್ಲಾ ಹಸಿರಿಗೆ ಹದ ಮಾಡಿದ ನೆಲಾ ಕಂಡಿಲ್ಲ ಅಂದ್ರ ಈ ಕೆಲಸಾ ಬಂದ್. ಗುಂಡ್ಯಾಗ ಪ್ಯಾಟಿ ಕಸಾ ತಂದು ಹಾಕ್ತೇವಿ ಅಂತ ಫೈಲು ರೆಡಿ ಇಟ್ಟಾರ."

"ಪ್ಯಾಟಿ ಕಸಾ ಇಲ್ಲೆ? ಊರವರು ಸುಮ್ನಿರ್ತಾರೇನು?"

"ಊರವರು ತಕರಾರು ಇಲ್ಲಂತ ಬರ್ಕೊಟ್ಟಾರ್ರಿ. ಮಂಗಳವ್ವನ ಸಹೀನೂ ಐತಿ."

ಫೋನು ಕಿಸೆಗೆ ಸೇರಿತು. ಇಸಾಕಸಾಬ ತಿರುಗಿ ನೋಡಿದ. ಮಂಗಳವ್ವ ನೆಮ್ಮದಿಯಾಗಿ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಗುಂಡ್ಯಾಗ ಕಸಾ ಹಾಕಾಕ ಸಹಿ ಮಾಡಿಯೇನು?"

"ಹೂಂ. ಆ ಗುಂಡಿ ನಮಗ ಯಾ ಕೆಲಸಕ್ಕ ಬಂದೈತ್ರಿ? ಎಮ್ಮಿ ಬೀಳತಾವ."

ಇವರ ಸಲುವಾಗಿ ತಾನು ಕಲ್ಲು ಹೊತ್ತೆನಲ್ಲ ಅನಿಸಿತು ಇಸಾಕಸಾಬನಿಗೆ. ಕೂಗಾಡಿದ. ಬೋರ್ಡಿಗೆ ಕೈ ಬಡಿದ. ಪೊಲೀಸರ ಹೆಸರು ಹೇಳಿದ. ಮೂವತ್ತು ವರ್ಷ ಮದ್ದು ಹಾರಿಸಿದವನ ಕಿವಿ ಮಂದ, ಹಾಗಾಗಿ ದನಿ ಯಾವಾಗಲೂ ಜೋರು. ಆವತ್ತಂತೂ ಕೆಳಗಿನ ಊರಿಗೇ ಕೇಳಿಸಿತು. ಮಂಗಳವ್ವ ಕೊನೆಗೆ ಎದ್ದು ಸೆರಗು ಜಾಡಿಸಿದಳು. "ಆತು, ತೆಗೀತೇವಿ. ಇಷ್ಟಕ್ಯಾಕ ಒದರ್ತೀರಿ?"

ಅಂದು ಶುಕ್ರವಾರ. ಅವರು ಕಾಯಿ ಎತ್ತತೊಡಗಿದ್ದನ್ನು ನೋಡಿಯೇ ಇಸಾಕಸಾಬ ನಮಾಜಿಗೆ ಬ್ಯಾಡಗಿಗೆ ಹೋದ. ಸಗಣಿಯ ಕೆಳಗೆ ಬೀಜ ಇನ್ನೂ ಇರುತ್ತದೆ, ಮಳೆಗೆ ಸಗಣಿ ಕರಗುತ್ತದೆ, ಅಷ್ಟೇನೂ ಹಾನಿಯಾಗಿಲ್ಲ ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡ. ಹಾನಿ ಆಗಬೇಕಾದದ್ದು ಅವನು ಹೋದ ಮೇಲೆ ಆಯಿತು.

ಮಧ್ಯಾಹ್ನ ಮರಳಿ ಬಂದಾಗ ಇಳಿಜಾರು ಫಳಫಳ ಹೊಳೆಯುತ್ತಿತ್ತು. ಒಂದು ಕಾಯಿ ಇಲ್ಲ, ಒಂದು ತೊಟ್ಟು ಇಲ್ಲ, ಒಂದು ಕಡ್ಡಿ ಇಲ್ಲ. ಸಗಣಿಯ ಹೆಕ್ಕಳವನ್ನೂ ಬಿಡದೆ ಕೆರೆದು, ಮೂವರು ಹೆಂಗಸರು ಮೂರು ಕಸಬರಿಗೆ ಹಿಡಿದು ಮೇಲಿಂದ ಕೆಳಗೆ ಒಂದೊಂದು ಮೆಟ್ಟಿಲನ್ನೂ ಗುಡಿಸಿದ್ದರು. ಬಿಟ್ಟುಕೊಡುವ ಜಾಗವನ್ನು ಕಸ ಹೊಡೆದು ಬಿಟ್ಟುಕೊಡಬೇಕು, ಇಲ್ಲದಿದ್ದರೆ ಹೆಂಗಸಿನ ಮರ್ಯಾದೆ ಏನು ಉಳಿಯಿತು?

"ನೋಡ್ರಿ" ಅಂದಳು ಮಂಗಳವ್ವ, ಸೊಂಟಕ್ಕೆ ಕೈ ಕೊಟ್ಟು. "ನಿಮ್ಮ ಜಾಗಾ ನಿಮಗ. ಹ್ಯಾಂಗಿತ್ತೋ ಅದಕಿಂತ ಸ್ವಚ್ಛ ಮಾಡಿ ಕೊಟ್ಟೇವಿ."

ಇಸಾಕಸಾಬ ಮಂಡಿಯೂರಿ ನೆಲ ಮುಟ್ಟಿದ. ಬೀಜದ ಜೊತೆ ಮೇಲಿನ ಮೆತ್ತನೆಯ ಹೂಳೂ ಹೋಗಿತ್ತು. ಕೆಳಗಿನ ಗಟ್ಟಿ ನೆಲ ಬೆರಳಿಗೆ ತಾಗಿತು.

"ಕಸಾ ಎಲ್ಲಿ ಹಾಕಿದ್ರಿ?"

"ಹಳ್ಳದಾಗ ಒಗದ್ವಿ. ಅಲ್ಲೆ, ಆ ಕಲ್ಲಿನ ಸಾಲು ಅದಾವಲ್ರಿ, ಅವುಗಳ ಹಿಂದ."

ಎರಡು ತಿಂಗಳು ಆರಿಸಿದ ಬೀಜ. ಸೈದಾಬಿಯ ಹಳೇ ಸೀರೆಯಲ್ಲಿ ಗಂಟು ಕಟ್ಟಿ ಇಟ್ಟ ಬೀಜ. ಇಸಾಕಸಾಬನಿಗೆ ಅಳು ಬಂದದ್ದು ಸಿಟ್ಟಾಗಿ ಹೊರಬಿತ್ತು. "ನಿಮಗ ನಿಮ್ಮ ಕಣ ಇಲ್ಲೇನು? ನಿಮ್ಮ ಹಿರೇರು ಕಣ ಮಾಡಿಲ್ಲೇನು? ಅಲ್ಲೆ ಒಣಗಸಾಕ ಏನ್ ಧಾಡಿ ನಿಮಗ?"

ಮಂಗಳವ್ವ ಕಸಬರಿಗೆಯನ್ನು ನೆಲಕ್ಕೆ ಕುಟ್ಟಿ ಕಡ್ಡಿ ಸರಿಮಾಡಿಕೊಂಡಳು. ಆಮೇಲೆ ಅದರ ತುದಿಯಿಂದಲೇ ಕೆಳಗೆ ತೋರಿಸಿದಳು.

ಹಳ್ಳದ ದಂಡೆಯ ಮೇಲೆ, ಎರಡಾಳೆತ್ತರದ ದಿಬ್ಬ ಇತ್ತು. ಕ್ವಾರಿಯಲ್ಲಿ ಕೆಲಸಕ್ಕೆ ಬಾರದ ಕಲ್ಲು, ಪುಡಿ, ಮಣ್ಣು ಎಲ್ಲ ತಂದು ಸುರಿದು ಸುರಿದು ಆದ ದಿಬ್ಬ. ಅದರ ಮೇಲೆ ಇಸಾಕಸಾಬನೇ ಮೊದಲ ವರ್ಷ ಬೇರೆಯಾಗಿ ನೆಟ್ಟ ನಲವತ್ತು ಹೊಂಗೆ, ಬೇವು ಎದೆಯೆತ್ತರಕ್ಕೆ ಬಂದಿದ್ದವು. ಮೂರು ವರ್ಷದಲ್ಲಿ ಬದುಕಿದ್ದು ಅವಷ್ಟೇ.

"ನನ್ನ ಕಣ ಅದರ ಬುಡಕ ಐತ್ರಿ ಸಾಬ್ರ" ಅಂದಳು ಮಂಗಳವ್ವ. "ನಮ್ಮ ಅತ್ತಿ ಸಾರಿಸಿದ ಕಣ. ನಿಮ್ಮ ಗಿಡದ ಬುಡಕ."

ಬುಟ್ಟಿ ತಲೆಗಿಟ್ಟುಕೊಂಡು ಮೂವರೂ ಇಳಿದು ಹೋದರು.

ಸಂಜೆ ಮನೆಯಲ್ಲಿ ಇಸಾಕಸಾಬ ನಡೆದದ್ದನ್ನೆಲ್ಲ ಹೇಳಿದ. ಮನೆಯಲ್ಲಿ ಅವರದು ಉರ್ದು. ಆದರೆ ಸೈದಾಬಿಗೆ ಗಂಡನನ್ನು ತರಾಟೆಗೆ ತೆಗೆದುಕೊಳ್ಳಬೇಕಾದಾಗ ಕನ್ನಡವೇ ಬೇಕು. ಅದು ಅವಳಿಗೆ ಕೈಗೆ ಸಿಗುವ ಲಟ್ಟಣಿಗೆಯಂತೆ. ಬೀಜ ಹೋದ ಸುದ್ದಿಗೆ ಅವಳು ಉರ್ದುವಿನಲ್ಲಿ ಮರುಗಿದಳು. ಕಣದ ಸುದ್ದಿಗೆ ಕನ್ನಡಕ್ಕೆ ಬಂದಳು.

"ಅಕಿ ಹೇಳಿದ್ದು ಖರೇ ಏನ್ರಿ?"

"ಯಾರಿಗೊತ್ತು. ಹೊಲಾ ಅಂದಮ್ಯಾಲ ಎಲ್ಲೋ ಕಣ ಇರತೈತಿ."

"ಆ ದಿಬ್ಬ ಅಲ್ಲೇ ಹಾಕ್ರಿ ಅಂತ ಮಾಲೀಕಗ ಹೇಳಿದವರು ಯಾರು?"

ಇಸಾಕಸಾಬ ರೊಟ್ಟಿ ಮುರಿದ. ಬಾಯಿಗಿಡಲಿಲ್ಲ.

ಹತ್ತು ವರ್ಷದ ಹಿಂದಿನ ಮಾತು, ಆಷಾಢ. ಮೊದಲ ಲಾರಿ ತುಂಬಿ ನಿಂತಿತ್ತು. ಎಲ್ಲಿ ಸುರಿಯೋದು ಎಂದು ಮಾಲೀಕ ಕೇಳಿದ. ಗುಡ್ಡ ಬಲ್ಲವನು ಇಸಾಕಸಾಬನೇ. ಅವನು ಬೆರಳು ಚಾಚಿದ. "ಅಲ್ಲಿ ಹಾಕಸ್ರಿ, ಆ ಬೈಲಾಗ. ಯಾರದೂ ಅಲ್ಲ." ಆಷಾಢದಲ್ಲಿ ಕಣ ಹಾಗೇ ಇರುತ್ತದೆ. ಹುಲ್ಲು ಬೆಳೆದಿರುತ್ತದೆ, ಎಮ್ಮೆ ಮೇಯುತ್ತಿರುತ್ತದೆ, ಬೀಳುನೆಲಕ್ಕೂ ಅದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಕಣದ ನೆಲ ಕಣವಾಗುವುದು ಸುಗ್ಗಿಯಲ್ಲಿ. ಕಲ್ಲಿನವನಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು?

ಹೀಗೆಂದು ಅವನು ತನಗೆ ತಾನು ಹತ್ತು ವರ್ಷ ಹೇಳಿಕೊಂಡಿದ್ದ. ಆದರೆ ಆ ಹುಲ್ಲಿನ ನಡುವೆ ಮೇಟಿಯ ಕಂಬ ನಿಂತಿತ್ತು. ಕಣದ ನಡುವಿನ ಕಂಬ, ಎತ್ತು ಕಟ್ಟಿ ಸುತ್ತು ಹೊಡೆಸಿ ನುಣುಪಾದದ್ದು. ಬಯಲಿನಲ್ಲಿ ಮೇಟಿ ಸುಮ್ಮನೆ ಹುಟ್ಟುವುದಿಲ್ಲ. ಅವನು ಕಂಡಿದ್ದ. ಕಂಡೂ ಬೆರಳು ಚಾಚಿದ್ದ, ಯಾಕೆಂದರೆ ಲಾರಿ ನಿಂತಿತ್ತು, ಮಾಲೀಕ ಅವಸರ ಮಾಡುತ್ತಿದ್ದ, ಮತ್ತು ಅಲ್ಲಿಗೆ ದಾರಿ ಸಲೀಸಿತ್ತು.

"ಉಣ್ರಿ" ಅಂದಳು ಸೈದಾಬಿ. ಅದನ್ನೂ ಕನ್ನಡದಲ್ಲೇ ಅಂದಳು. ಅದೇ ಹೆಚ್ಚು ಚುಚ್ಚಿತು.

ಮರುದಿನ ಇಸಾಕಸಾಬ ಮಂಗಳವ್ವನ ಮನೆಯ ಮುಂದೆ ಮೊಪೆಡ್ಡು ನಿಲ್ಲಿಸಿ, ಇಳಿಯದೆಯೇ, "ಬೀಜ ಅಂತೂ ಹೋತು. ನಿಮ್ಮ ಕಾಯಿ ಕಪ್ಪಾಗೂದು ಬ್ಯಾಡ. ಒಣಗಸ್ಕೋರಿ ಅಲ್ಲೇ" ಎಂದು ಒದರಿ, ಅವಳು ಹೊರಗೆ ಬರುವುದರೊಳಗೆ ಹೋಗಿಬಿಟ್ಟ. ಹೇಳಬೇಕಾದದ್ದು ಅದಾಗಿರಲಿಲ್ಲ. ಬೆರಳಿನ ಮಾತು ಗಂಟಲಿನಲ್ಲೇ ಉಳಿಯಿತು.

ನಾಲ್ಕನೆಯ ದಿನ ರೋಹಿಣಿ ಬಂದಳು. ಇಳಿಜಾರಿನ ತುಂಬ ಮಂಗಳವ್ವನದಷ್ಟೇ ಅಲ್ಲ, ಊರಿನ ಹದಿನೆಂಟು ಮನೆಯವರ ಮೆಣಸಿನಕಾಯಿ ಹರಡಿತ್ತು. ಕ್ವಾರಿಯ ದಿಬ್ಬಕ್ಕೆ ಕಣ ಕಳೆದುಕೊಂಡವಳು ಅವಳೊಬ್ಬಳೇ ಅಲ್ಲವೆಂದು ಇಸಾಕಸಾಬನಿಗೆ ಆಗಲೇ ಗೊತ್ತಾದದ್ದು. ರೋಹಿಣಿ ಹಣೆ ಹಿಡಿದುಕೊಂಡಳು.

"ಇರ್ಲಿ ಸಾಬ್ರ, ಧೈರ್ಯ ಬಿಡಬ್ಯಾಡ್ರಿ. ದಿಬ್ಬದ ಮ್ಯಾಲಿನ ಗಿಡಾ ಚಲೋ ಬಂದಾವ. ಕಮಿಟಿಯವರನ್ನ ಸೀದಾ ಅಲ್ಲಿಗೇ ಕರ್ಕೊಂಡು ಹೋಗೂಣು. ನಲವತ್ತು ಗಿಡಾ ಕಂಡ್ರ ಸಾಕು, ಇನ್ನೊಂದು ವರ್ಷ ಸಿಗತೈತಿ."

"ಆ ದಿಬ್ಬ ತೆಗೀತೇನಿ ಮೇಡಂ."

"ಏನು?"

"ಗುಂಡ್ಯಾಗಿಂದ ಬಂದದ್ದು, ಗುಂಡಿಗೇ ಹೋಗಬೇಕು. ಅಲ್ಲಿಂದ ಮಳಿ ಬಂದಾಗೆಲ್ಲ ಪುಡಿ ಇಳದು ಹಳ್ಳಾ ತುಂಬತೈತಿ. ಮೂರು ವರ್ಷದಿಂದ ಗೊತ್ತೈತಿ ನನಗ. ಗಿಡಾ ಬಂದಾವಲ್ಲ ಅಂತ ಬಿಟ್ಟಿದ್ದೆ."

"ಇಪ್ಪತ್ತೆಂಟರ ಮ್ಯಾಲ ತೆಗೀರಿ! ಒಂದು ತಿಂಗಳು ತಡಕೋಳಾಕ ಆಗೂದಿಲ್ಲೇನು?"

ಅವಳ ಮಾತಿನಲ್ಲಿ ಖರೇವಾಗಿ ಅರ್ಥವಿತ್ತು. ಅದಕ್ಕೇ ಇಸಾಕಸಾಬನಿಗೆ ಇನ್ನಷ್ಟು ಸಿಟ್ಟು ಬಂತು. ಗಿಡ ತೋರಿಸಿ ಪಾಸಾದರೆ ಆ ದಿಬ್ಬ ಕಾಗದದ ಮೇಲೆ ಹಸಿರು ದಿಬ್ಬವಾಗಿ ಕೂರುತ್ತದೆ. ಆಮೇಲೆ ಅದರ ಒಂದು ಪುಟ್ಟಿ ಮಣ್ಣು ತೆಗೆಯಲೂ ಹತ್ತು ಸಹಿ ಬೇಕಾಗುತ್ತದೆ. ಮಂಗಳವ್ವನ ಕಣ ಅವಳ ಮೊಮ್ಮಕ್ಕಳ ಕಾಲಕ್ಕೂ ಹೊರಗೆ ಬರುವುದಿಲ್ಲ. ತೆಗೆದರೆ ತೋರಿಸಲು ಒಂದು ಎಲೆಯೂ ಇರುವುದಿಲ್ಲ, ಗುಂಡಿಗೆ ಪೇಟೆ ಕಸ ಬರುತ್ತದೆ, ಹಳ್ಳದ ಕಥೆ ಮುಗಿಯುತ್ತದೆ. ಎತ್ತ ತಿರುಗಿದರೂ ತಲೆಗೆ ಬಂಡೆ. ಆ ಬಂಡೆಯನ್ನು ತಾನೇ ಹಾರಿಸಿದ್ದು.

"ತಡಕೋಳಾಕ ಆಗೂದಿಲ್ಲ" ಅಂದ. ಯಾಕೆಂದು ಹೇಳಲಿಲ್ಲ.

ರೋಹಿಣಿ ಬುಲೆಟ್ಟಿನ ವೇಗದಲ್ಲಿ ಬೈದಳು, ಕಣ್ಣೀರೂ ಹಾಕಿದಳು, ಮೂರು ವರ್ಷದ ತನ್ನ ಕೆಲಸವನ್ನು ನೀವೇ ಅಗೆದು ಒಗೆಯುತ್ತಿದ್ದೀರಿ ಅಂದಳು. ಕೊನೆಗೆ ಜೀಪು ಹತ್ತುವಾಗ, "ಗಿಡಾ ಬುಡಸಮೇತ ಎಬ್ಬಸ್ರಿ ಮತ್ತ. ಗೋಣಿಚೀಲ ನಾ ಕಳಸ್ತೇನಿ" ಅಂದು ಹೋದಳು.

ಹೊಂಗೆ, ಬೇವುಗಳನ್ನು ಸುತ್ತಲೂ ಅಗೆದು, ಬೇರಿನ ಮಣ್ಣು ಉದುರದಂತೆ ಹಸಿ ಗೋಣಿಚೀಲ ಸುತ್ತಿ, ಗುಂಡಿಯ ಅಂಚಿಗೆ ಒಯ್ದು ನೆಟ್ಟ. ಬೇಸಿಗೆ ಹತ್ತಿರ ಬಂದಾಗ ಕಿತ್ತ ಗಿಡ ಎಷ್ಟು ಬದುಕುತ್ತವೆಂದು ಅವನಿಗೆ ಗೊತ್ತಿತ್ತು. ಒಂದೊಂದಕ್ಕೂ ನೀರು ಹಾಕುವಾಗ ಒಂದೊಂದು ಬೈಗುಳವನ್ನೂ ಹಾಕಿದ, ಗಿಡಕ್ಕಲ್ಲ, ತನಗೆ. ದಿಬ್ಬಕ್ಕೆ ಗುದ್ದಲಿ ಹಾಕಿದ ಮೂರನೆಯ ದಿನ ಮಂಗಳವ್ವನ ಮಗ ಯುವರಾಜ ಟ್ರ್ಯಾಕ್ಟರು ತಂದು ನಿಲ್ಲಿಸಿದ. ಆರನೆಯ ದಿನ ಹೆಂಗಸರು ಬುಟ್ಟಿ ಹಿಡಿದು ಬಂದರು. ಯಾರೂ ಏನೂ ಕೇಳಲಿಲ್ಲ, ಇಸಾಕಸಾಬ ಏನೂ ಹೇಳಲಿಲ್ಲ. ಬುಟ್ಟಿ ಅರ್ಧ ತುಂಬಿದರೆ ಮಾತ್ರ ಬೈಯುತ್ತಿದ್ದ, ಪೂರ್ತಿ ತುಂಬಿದರೂ ಬೈಯುತ್ತಿದ್ದ.

ಇಪ್ಪತ್ತೆಂಟನೆಯ ತಾರೀಖು ಕಮಿಟಿಯವರು ಬಂದಾಗ ಮುಳ್ಳಗುಡ್ಡ ಹುಟ್ಟಿದಾಗಿನಿಂದ ಅಷ್ಟು ಕೆಟ್ಟದಾಗಿ ಕಂಡಿರಲಿಕ್ಕಿಲ್ಲ. ದಿಬ್ಬ ಅರ್ಧ ಅಗೆದಿತ್ತು. ಎಬ್ಬಿಸಿ ನೆಟ್ಟ ಗಿಡಗಳು ಎಲೆ ಉದುರಿಸಿ ನಿಂತಿದ್ದವು. ಇಳಿಜಾರು ಕೆಂಪು, ಗುಂಡಿ ಬಿಳಿ, ಹಳ್ಳ ಬೂದಿ. ಹಸಿರು ಅಂತ ಇದ್ದದ್ದು ರೋಹಿಣಿಯ ಫೈಲಿನ ರಟ್ಟು ಒಂದೇ.

ದೊಡ್ಡ ಅಧಿಕಾರಿ ಬೆಂಗಳೂರು ಕಡೆಯವರು, ಮೃದು ಮನುಷ್ಯ. ಬಂದ ಕೂಡಲೇ ಸೀನತೊಡಗಿದರು. ಕರವಸ್ತ್ರದೊಳಗಿಂದಲೇ ಕೇಳಿದರು. "ಗಿಡಗಳು ಎಲ್ಲಿವೆ?"

"ಅಲ್ಲಿ ಇದ್ವು ಸರ್" ಅಂದ ಇಸಾಕಸಾಬ.

"ಇದ್ವು ಅಂದ್ರೆ?"

"ಈಗ ಇಲ್ಲೆ ಅದಾವ್ರಿ. ಸಾಯಾಕತ್ತಾವ."

ರೋಹಿಣಿ ಕಣ್ಣು ಮುಚ್ಚಿಕೊಂಡಳು. ಅಧಿಕಾರಿ ಕಾಗದದ ಮೇಲೆ ಏನೋ ಬರೆದರು, ಇನ್ನೊಬ್ಬರು ಇಣುಕಿ ನೋಡಿ ತಲೆಯಾಡಿಸಿದರು. ಮೂರು ವರ್ಷ ಮೂರು ನಿಮಿಷದಲ್ಲಿ ಮುಗಿಯಿತು. "ಪಾಪ, ಪ್ರಯತ್ನ ಪಟ್ಟಿದ್ದೀರಿ" ಅಂದರು ಅಧಿಕಾರಿ. "ಆದರೆ ಈ ಜಾಗ ಕಸ ವಿಲೇವಾರಿಗೇ ಸರಿ. ಊರಿನವರ ಒಪ್ಪಿಗೆಯೂ ಇದೆಯಲ್ಲ."

"ಯಾವ ಊರಿನವರದ್ರಿ?"

ಮಂಗಳವ್ವ ಮೆಣಸಿನಕಾಯಿಯ ನಡುವಿನಿಂದ ಎದ್ದು ಬಂದಳು. ಕೈಯಲ್ಲಿ ಒಂದು ಹಿಡಿ ಕಾಯಿ.

"ನೀವೇ ಸಹಿ ಮಾಡಿದ್ದೀರಲ್ಲಮ್ಮ, ನೋಡಿ."

"ಮಾಡೇನ್ರಿ. ಆವಾಗ ಅದು ಗುಂಡಿ ಇತ್ತು. ಈಗ ಇಲ್ಲೆ ಹದಿನೆಂಟು ಮನಿ ಕಾಯಿ ಒಣಗತಾವ. ಇದನ್ನ ಮೂಸ್ರಿ." ಕಾಯಿಯನ್ನು ಅವರ ಮೂಗಿನ ಬಳಿ ಒಯ್ದಳು. ಅಧಿಕಾರಿ ಎರಡು ಹೆಜ್ಜೆ ಹಿಂದೆ ಸರಿದು ನಾಲ್ಕು ಸಲ ಸೀನಿದರು. "ಬ್ಯಾಡಗಿ ಪ್ಯಾಟ್ಯಾಗ ದಲಾಲರು ಹೀಂಗ ಮೂಸೇ ಚೀಲಾ ಇಳಸ್ತಾರ. ಕಸದ ನಾತ ಹತ್ತಿದ ಕಾಯಿ ಯಾರ ಮುಟ್ತಾರ? ಆ ಕಾಗದಾ ಕೊಡ್ರಿ ಇಲ್ಲೆ, ನನ್ನ ಸಹಿ ಮ್ಯಾಲ ಗೀರು ಹೊಡೀತೇನಿ."

"ಹಾಗೆಲ್ಲ ಗೀರು ಹೊಡೆಯೋಕೆ ಬರಲ್ಲಮ್ಮ."

"ಹಂಗಾರ ಹೊಸಾ ಕಾಗದಾ ಬರೀರಿ. ತಕರಾರು ಐತಿ ಅಂತ ಬರೀರಿ. ಏ, ಬರ್ರೆಲೇ ಎಲ್ಲಾರೂ!"

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಬಂದರು. ಕೈಗೆ ಮೆತ್ತಿದ ಖಾರದ ಜೊತೆಗೇ ಸಹಿ ಹಾಕಿದರು, ಬಾರದವರು ಹೆಬ್ಬೆಟ್ಟು ಒತ್ತಿದರು. ಅಧಿಕಾರಿ ಕಣ್ಣೊರೆಸಿಕೊಳ್ಳುತ್ತ ಕಾಗದ ಮಡಚಿದರು. ಸ್ಥಳೀಯರ ತಕರಾರು ಇರುವುದರಿಂದ ತೀರ್ಮಾನ ಮುಂದಿನ ವರ್ಷಕ್ಕೆ ಎಂದರು. ಜೀಪು ಹೋಯಿತು.

ರೋಹಿಣಿ ನಕ್ಕು ನಕ್ಕು ಬೋರ್ಡಿಗೆ ಒರಗಿದಳು. ಇಸಾಕಸಾಬನಿಗೆ ನಗು ಬರಲಿಲ್ಲ. ಹನ್ನೊಂದು ಒಡ್ಡು ಕಟ್ಟಿದ್ದು ಲೆಕ್ಕಕ್ಕಿಲ್ಲ, ಹೂಳು ಹೊತ್ತದ್ದು ಲೆಕ್ಕಕ್ಕಿಲ್ಲ, ಇವರು ಬಂದು ಹಾಳು ಮಾಡಿದ್ದೇ ಗುಡ್ಡವನ್ನು ಉಳಿಸಿತು ಅಂದರೆ ಮನುಷ್ಯ ಯಾರ ಮೇಲೆ ಸಿಟ್ಟಾಗಬೇಕು? ಆ ಪ್ರಶ್ನೆಗೇ ಸಿಟ್ಟಾಗಿ ಗುದ್ದಲಿ ಎತ್ತಿಕೊಂಡು ದಿಬ್ಬಕ್ಕೆ ಹೋದ.

ಮಾರ್ಚು ಹೋಯಿತು, ಏಪ್ರಿಲ್ ಹೋಯಿತು. ನಲವತ್ತು ಗಿಡದಲ್ಲಿ ಹದಿಮೂರು ಚಿಗುರಿದವು. ಮೇ ಮೊದಲ ವಾರ, ಮುಂಗಾರಿಗೂ ಮುಂಚೆ, ಎರಡು ದೊಡ್ಡ ಅಡ್ಡಮಳೆ ಬಿದ್ದವು. ಎರಡನೆಯ ಮಳೆಯಾದ ಐದನೆಯ ದಿನ ಬೆಳಿಗ್ಗೆ ಇಸಾಕಸಾಬ ಹಳ್ಳದ ಒಡ್ಡುಗಳು ಉಳಿದಿವೆಯೋ ಇಲ್ಲವೋ ನೋಡಲು ಹೋದ.

ಒಡ್ಡು ಹನ್ನೊಂದೂ ಉಳಿದಿದ್ದವು. ಅವುಗಳ ಹಿಂದೆ ನೀರು ನಿಂತಿತ್ತು. ನೀರಿನ ಅಂಚಿನಲ್ಲಿ, ಹೆಂಗಸರು ಗುಡಿಸಿ ಒಗೆದ ಹೂಳು, ಸಗಣಿ, ಬೀಜ ಎಲ್ಲ ಬೆರೆತ ಆ ಕಸದಲ್ಲಿ, ಬೆರಳುದ್ದದ ಎಳೇ ಕರಡ ಎದ್ದು ನಿಂತಿತ್ತು. ಮೂರು ವರ್ಷ ಅವನು ಹಿಡಿಯಲಾರದೆ ಹೋದ ದಂಡೆಯನ್ನು ಆ ಹುಲ್ಲು ಹಿಡಿಯಹತ್ತಿತ್ತು. ನಡುನಡುವೆ ಮೆಣಸಿನ ಸಸಿಗಳೂ ಕರೆಯದೆ ಬಂದ ನೆಂಟರಂತೆ ಎದ್ದಿದ್ದವು.

ಇಸಾಕಸಾಬ ತುಂಬ ಹೊತ್ತು ನೋಡಿದ. ಕುಣಿಯಬೇಕಿತ್ತು, ಅದರ ಬದಲು ಮೈ ಉರಿಯಿತು. ಗುಡ್ಡ ಬಲ್ಲವನು ತಾನು, ಅಳತೆ ಮಾಡಿ ಚೆಲ್ಲಿದವನು ತಾನು, ಒಂದು ಕಸಬರಿಗೆ ಅವನ ಎಲ್ಲ ಬುದ್ಧಿಯನ್ನೂ ಗುಡಿಸಿ ಹಾಕಿತ್ತು. ಮುಂದಿನ ಸುಗ್ಗಿಯ ಕಸವನ್ನೂ ಇಲ್ಲೇ ಒಗೆಯಿರಿ, ಮೇಲಿನ ಒಡ್ಡಿನಿಂದ ಶುರುಮಾಡಿ ಎಂದು ಹೋಗಿ ಕೇಳಿಕೊಳ್ಳಬೇಕಲ್ಲ, ಅದೂ ಅವಳ ಹತ್ತಿರ!

ದಿಬ್ಬ ಇದ್ದಲ್ಲಿಗೆ ಹೋದ. ಅದು ಈಗ ನೆಲಮಟ್ಟಕ್ಕೆ ಬಂದಿತ್ತು. ಮಂಗಳವ್ವ ಒಬ್ಬಳೇ ಕೂತು ಕೈಯಿಂದ ಪುಡಿ ಸರಿಸುತ್ತಿದ್ದಳು. ಅವಳ ಮುಂದೆ ಒಂದು ಕಂಬದ ಮೋಟು ಇತ್ತು, ಮೊಳದುದ್ದ, ಲಾರಿಯ ಕಲ್ಲಿಗೆ ಮುರಿದದ್ದು. ಉಳಿದ ಭಾಗ ಇನ್ನೂ ನುಣ್ಣಗಿತ್ತು.

ಇಸಾಕಸಾಬ ಮೋಟಿನ ಹತ್ತಿರ ಬಂದು ನಿಂತ. ನಾಲ್ಕು ತಿಂಗಳು ಗುದ್ದಲಿಯಿಂದ ಅಗೆದರೂ ಹೊರಗೆ ಬಾರದ ಮಾತು ಈಗ ತಾನಾಗಿ ಬಂತು.

"ಮಂಗಳವ್ವಾ. ಇಲ್ಲೆ ಹಾಕ್ರಿ ಅಂತ ಬೆರಳು ತೋರಿಸಿದವ ನಾನ. ಮೇಟಿ ಕಂಡಿತ್ತು ನನಗ. ಕಂಡೂ ತೋರಿಸಿದೆ."

ಮಂಗಳವ್ವ ತಲೆ ಎತ್ತಲಿಲ್ಲ. ಮೋಟಿನ ಸುತ್ತ ಪುಡಿ ಸರಿಸುತ್ತಲೇ ಇದ್ದಳು.

"ಗೊತ್ತೈತ್ರಿ" ಅಂದಳು. "ಆವತ್ತ ಅಲ್ಲೇ, ಆ ಹೊಲದ ಬದುವಿನ ಹಳೇ ಬೇವಿನ ಮರದ ಬುಡಕ ನಿಂತಿದ್ನಿ. ಎಮ್ಮಿ ಕಾಯಾಕತ್ತಿದ್ನಿ."

"ಗೊತ್ತಿತ್ತೇನು? ಹತ್ತು ವರ್ಷದಿಂದ? ಮತ್ತ ಆವತ್ತ ಯಾಕ ಒದರಲಿಲ್ಲ?"

"ಒದರಿದ್ನಿ ಸಾಬ್ರ." ಈಗ ಅವಳು ಅವನನ್ನು ನೋಡಿದಳು. "ಅಷ್ಟರಾಗ ನೀವು ಮದ್ದಿಗೆ ಸೀಟಿ ಊದಿದ್ರಿ."

ಇಸಾಕಸಾಬ ಅವಳ ಎದುರು ನೆಲದ ಮೇಲೆ ಕೂತ. ಕೈ ಚಾಚಿ ಪುಡಿ ಸರಿಸತೊಡಗಿದ. ಮಂಗಳವ್ವ ಅವನ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು, ಆಮೇಲೆ ಪಕ್ಕದಲ್ಲಿದ್ದ ಕಸಬರಿಗೆಯನ್ನು ಅವನ ಕಡೆಗೆ ದೂಡಿದಳು.

"ಹಂಗ ಅಲ್ರಿ" ಅಂದಳು. "ಮ್ಯಾಲಿಂದ ಕೆಳಗ ಹೊಡೀರಿ."